ಚಿತ್ರದ ಮುಂದೆ ಕೇಳಿದ ರೊಟ್ಟಿ ಸಪ್ಪಳ

ಸತ್ತವರ ಸುಳಿವು ಸಿಕ್ಕಿತೆಂದು ಯಾರಾದರೂ ಹೇಳಿದರೆ ನಕ್ಕುಬಿಡುತ್ತಿದ್ದವಳು ನಾನು. ಈಗ ನಗುವುದಿಲ್ಲ. ಹಾಗಂತ ನಂಬುತ್ತೇನೆ ಎಂದೂ ಅಲ್ಲ. ನಡೆದದ್ದನ್ನು ನಡೆದಂತೆ ಹೇಳುತ್ತೇನೆ.

ಕೆಲವು ವರ್ಷಗಳ ಹಿಂದೆ ಕಲಬುರಗಿಯಲ್ಲೊಂದು ಚಿತ್ರಕಲಾ ಪ್ರದರ್ಶನವಿತ್ತು. ನನ್ನೊಡನೆ ಚಿತ್ರಕಲೆ ಕಲಿತ ನಸ್ರೀನಳ ಚಿತ್ರವೂ ಅಲ್ಲಿತ್ತು. ಅವಳು ಕಾಲು ಮುರಿದುಕೊಂಡು ಕಮಲಾಪುರದ ಮನೆಯಲ್ಲೇ ಇದ್ದಳು. ನೋಡಿ ಬಂದು ಹೇಳುವ ಕೆಲಸ ನನ್ನದು.

ಅವಳ ಚಿತ್ರದಲ್ಲಿ ಒಂದು ಹಿತ್ತಲು, ಕೆಂಪು ಬಾಳೆಯ ಗಿಡಗಳು, ಬಿಸಿಲು ಬಿದ್ದ ಗೋಡೆ. ಮನುಷ್ಯರಿರಲಿಲ್ಲ. ಅದರ ಮುಂದೆ ನಿಂತಾಗ ರೊಟ್ಟಿ ಬಡಿಯುವ ಸಪ್ಪಳ ಕೇಳಿಸಿತು. ಬಿರಬಿರನೆ ನಾಲ್ಕೈದು ಏಟು, ತುಸು ನಿಂತು, ಮತ್ತೆ ಒಂದೆರಡು ಸಣ್ಣ ಏಟು. ಪಕ್ಕದಲ್ಲಿ ಖಾನಾವಳಿ ಇರಬೇಕೆಂದು ಹೊರಗೆ ಹೋಗಿ ಸುತ್ತು ಹಾಕಿದೆ. ಇರಲಿಲ್ಲ. ಬೇರೆ ಚಿತ್ರಗಳ ಮುಂದೆ ಸಪ್ಪಳವಿಲ್ಲ. ಇದರ ಮುಂದೆ ಬಂದರೆ ಮತ್ತೆ ಶುರು. ಅಲ್ಲಿ ನಿಲ್ಲಲೂ ಆಗಲಿಲ್ಲ, ಬಿಟ್ಟು ಹೋಗಲೂ ಆಗಲಿಲ್ಲ.

ಮರುದಿನ ಕಮಲಾಪುರಕ್ಕೆ ಹೋದೆ. ಬಣ್ಣ, ಬೆಳಕು, ಬಂದವರ ಮಾತು ಎಲ್ಲ ಹೇಳಿ ಕೊನೆಗೆ ನಗುತ್ತ ಇದನ್ನೂ ಹೇಳಿದೆ. ನಸ್ರೀನ್ ನಗಲಿಲ್ಲ.

"ಹೆಂಗ ಬಡೀತಿತ್ತು? ಖರೇ ಹೇಳು."

ಮಂಚದ ಮೇಲೆ ಬಡಿದು ತೋರಿಸಿದೆ. ಅವಳ ಮುಖವೇ ಬದಲಾಯಿತು.

"ನಮ್ಮ ಅಮ್ಮೀದು ಅದು. ಬಲಗೈ ನೋಯ್ತಿತ್ತು ಆಕೀಗಿ, ನಡುನಡು ನಿಲ್ಲಸ್ತಿದ್ಲು. ಅಡಗಿ ಮನಿ ಕಿಡಕ್ಯಾಗ ಕುಂತೇ ಆ ಚಿತ್ರ ತಗದೀನಿ. ಹಿಂದ ಆಕಿ ರೊಟ್ಟಿ ಮಾಡಾಕತ್ತಿದ್ಲು. ನಡಿ, ಈಗೇ ಹೋಗೂಣು."

ಅವಳ ತಾಯಿ ಹಿಂದಿನ ವರ್ಷ ತೀರಿಹೋದದ್ದು ನನಗೆ ಗೊತ್ತಿತ್ತು. ಕೈನೋವಿನ ವಿಷಯ ಗೊತ್ತಿರಲಿಲ್ಲ.

ಪ್ಲಾಸ್ಟರ್ ಹಾಕಿದ ಕಾಲಿನಲ್ಲೇ ಕಾರು ಹತ್ತಿದಳು. ಕಲಬುರಗಿಯ ಸೂಪರ್ ಮಾರ್ಕೆಟ್ ಪ್ರದೇಶದ ಆಟೋಗಳ ನಡುವೆ ಸಿಕ್ಕಿಕೊಂಡಾಗ "ಮುಚ್ಚಿಬಿಡ್ತಾರ, ಮುಚ್ಚಿಬಿಡ್ತಾರ" ಎಂದು ಚಡಪಡಿಸಿದಳು.

ಚಿತ್ರದ ಮುಂದೆ ನಿಂತೆವು. ನನಗೆ ಸ್ಪಷ್ಟವಾಗಿ ಕೇಳುತ್ತಿತ್ತು. ಅವಳಿಗೆ ಇಲ್ಲ.

"ನನಗ್ಯಾಕ ಕೇಳಸವಲ್ದು? ಆಕಿ ನನ್ನ ಅಮ್ಮಿ ಅಲ್ಲೇನು?"

ಅವಳ ಅಂಗೈ ಹಿಡಿದು, ನನಗೆ ಕೇಳಿದ ಹಾಗೆಯೇ ಅದರ ಮೇಲೆ ಬಡಿಯುತ್ತ ಹೋದೆ. ಅವಳು ಕಣ್ಣು ಮುಚ್ಚಿಕೊಂಡಳು.

ಸ್ವಲ್ಪ ಹೊತ್ತಿಗೆ ಸಪ್ಪಳ ನಿಂತುಹೋಯಿತು. ಅವಳಿಗೆ ತಿಳಿಯಬಾರದೆಂದು ನಾನು ಬಡಿಯುತ್ತಲೇ ಇದ್ದೆ. ನಸ್ರೀನ್ ಮೆಲ್ಲಗೆ ನನ್ನ ಕೈ ಹಿಡಿದು ನಿಲ್ಲಿಸಿದಳು.

"ಸಾಕು ಬಿಡು. ಅಮ್ಮಿ ಎದ್ದು ಹೋದ್ಲು."

ಕೇಳಿಸಿತೇನು ಎಂದು ಕೇಳಿದರೆ ಇಲ್ಲವೆಂದಳು. ಮತ್ತೆ ಹೇಗೆ ತಿಳಿಯಿತು? ಇವತ್ತಿಗೂ ಅವಳು ಹೇಳಲಾರಳು, ನಾನೂ ಹೇಳಲಾರೆ.