ಜೋಸೆಫ್ ಕುಣಿದ ರಾತ್ರಿ

ದೆವ್ವ ಭೂತದ ಮಾತು ಬಂದಾಗ ನಗುತ್ತಿದ್ದವನು ನಾನು. ಅಥಣಿ, ಕಾಗವಾಡ, ಮಿರಜ ದಾರಿಯಲ್ಲಿ ಅರ್ಧ ಆಯುಷ್ಯ ಬಾಡಿಗೆ ಟ್ರ್ಯಾಕ್ಸ್ ಜೀಪು ಓಡಿಸಿದ್ದೇನೆ. ಹುಣಸೆ ಗಿಡದ ಕೆಳಗೆ ಗಾಡಿ ನಿಲ್ಲಿಸಿ ಮಲಗಿದ್ದೇನೆ, ಸುಡುಗಾಡಿನ ಪಕ್ಕದಲ್ಲಿ ಕೂತು ಗಾಲಿ ಬದಲಿಸಿದ್ದೇನೆ. ಎಂದೂ ಏನೂ ಕಂಡಿರಲಿಲ್ಲ. ಆದ್ದರಿಂದ ಈಗ ಬರೆಯುವುದನ್ನು ನೀವು ನಂಬಲೇಬೇಕೆಂದು ಕೇಳುವುದಿಲ್ಲ. ಬೇರೆ ಯಾರಾದರೂ ಹೇಳಿದ್ದರೆ ನಾನೇ ನಂಬುತ್ತಿರಲಿಲ್ಲ. ನಾನು ಓದಿದ್ದು ಹೈಸ್ಕೂಲಿನವರೆಗೆ. ನಡೆದದ್ದನ್ನು ನಡೆದಂತೆ ಬರೆಯಲು ಅಷ್ಟು ಸಾಕು.

೨೦೧೦ರ ಆಸುಪಾಸಿನ ಮಾತು. ಅಥಣಿಯಲ್ಲಿ ಓದಲು ತಾಂಜಾನಿಯಾದಿಂದ ಜೋಸೆಫ್ ಎಂಬ ಹುಡುಗ ಬಂದಿದ್ದ. ಬಸ್ ಸ್ಟ್ಯಾಂಡಿನ ಮಂದಿ ಅವನನ್ನು ಜೋಸಪ್ಪ ಮಾಡಿಬಿಟ್ಟಿದ್ದರು. ಇಲ್ಲಿದ್ದ ವರ್ಷಗಳಲ್ಲಿ ಅವನು ಕಲಿತ ಕನ್ನಡವೆಂದರೆ ಕಾಕಾ, ಚಾ, ಸಾಕು, ನಡಿ. ಇಷ್ಟರಲ್ಲೇ ಎಲ್ಲ ವ್ಯವಹಾರ ಮುಗಿಸುತ್ತಿದ್ದ. ಕುಣಿಯುವುದೆಂದರೆ ಅವನಿಗೆ ಜೀವ. ಮದುವೆಯ ರಾತ್ರಿ ಮೆರವಣಿಗೆಗೆ ನಮ್ಮ ಕಡೆ ವರಾತ ಅನ್ನುತ್ತಾರೆ. ಯಾರದೇ ವರಾತ ಬರಲಿ, ಬ್ಯಾಂಜೊ ಬಾರಿಸುವವರ ಮುಂದೆ ಹೋಗಿ ನಿಲ್ಲುತ್ತಿದ್ದ. ಬೀಗರೇ, "ಜೋಸಪ್ಪ ಬಂದಾನ, ಜಾಗಾ ಬಿಡ್ರಿ. ಮದಿಮಗನ್ನ ಆಮ್ಯಾಲ ನೋಡೂನು" ಎಂದು ನಗುತ್ತಿದ್ದರು.

ಅವನು ಓದು ಮುಗಿಸಿ ತನ್ನ ದೇಶಕ್ಕೆ ಹೊರಡುವ ಮುಂಚಿನ ಶನಿವಾರ. ಮರುದಿನ ಸಂಜೆ ಮಿರಜದಿಂದ ಮುಂಬಯಿಗೆ ರೈಲು, ಅಲ್ಲಿಂದ ವಿಮಾನ. ಕೊನೆಯ ಸಲ ಮಿರಜ, ಸಾಂಗಲಿ ಸುತ್ತಿ ಬರಬೇಕೆಂದು ಅವನೂ ಅವನ ಇಬ್ಬರು ಗೆಳೆಯರೂ ನನ್ನ ಗಾಡಿ ಬಾಡಿಗೆಗೆ ಹೇಳಿದರು. ಹೊರಡುವಾಗ ಹಾಸ್ಟೆಲಿನ ಮೇಲ್ವಿಚಾರಕರು ಕಿಟಕಿಗೆ ಬಂದು, "ನಿಮ್ಮ ಮ್ಯಾಲ ಜಬಾಬ್ದಾರಿ ಐತ್ರಿ. ಪರದೇಶದ ಹುಡುಗ. ಏನರ ಆದ್ರ ಅವ್ರ ಅವ್ವಗ ಯಾರು ಹೇಳೂದು?" ಎಂದರು. ಆಗಲಿ ಎಂದು ತಲೆ ಅಲ್ಲಾಡಿಸಿದೆ.

ಹುಡುಗರು ಸಾಂಗಲಿಯಲ್ಲಿ ಸೆಕೆಂಡ್ ಶೋ ನೋಡಿದರು, ಧಾಬಾದಲ್ಲಿ ಉಂಡರು, ಸ್ವಲ್ಪ ಕುಡಿದರು. ಜೋಸೆಫ್ ಕುಡಿಯಲಿಲ್ಲ. ಧಾಬಾದ ಟೇಪಿನ ಹಾಡಿಗೆ ಲಾರಿಗಳ ನಡುವೆ ನಿಂತು ಕುಣಿದ, ಕುಣಿಯುತ್ತಲೇ ನನ್ನ ಟೊಪ್ಪಿಗೆ ಕಿತ್ತುಕೊಂಡು ಹಾಕಿಕೊಂಡ. ಹಿಂದಿರುಗುವಾಗ ಅವನು ನನ್ನ ಪಕ್ಕದಲ್ಲಿ ಕೂತಿದ್ದ. ಮಳೆ ಸಣ್ಣಗೆ ಹನಿಯುತ್ತಿತ್ತು.

ಕಾಗವಾಡ ದಾಟಿ, ಉಗಾರದ ಕಡೆ ಹೊರಳುವ ದಾರಿಯ ಹತ್ತಿರ ಬಂದಾಗ ಮುಂದೆ ಬೆಳಕು ಕಂಡಿತು. ವರಾತ. ಕೈಗಾಡಿಯ ಮೇಲೆ ಜನರೇಟರ್, ಟ್ಯೂಬ್‌ಲೈಟ್ ಹೊತ್ತ ಹೆಂಗಸರು, ಬ್ಯಾಂಜೊ, ರಸ್ತೆ ತುಂಬ ಮಂದಿ. ಎಲ್ಲರೂ ನಮಗೆ ಬೆನ್ನು ಮಾಡಿ ನಡೆದಿದ್ದರು. ಹಾರ್ನ್ ಹೊಡೆದೆ. ಒಬ್ಬರೂ ತಿರುಗಿ ನೋಡಲಿಲ್ಲ. "ಕಾಕಾ, ಸಾಕು" ಅಂದ ಜೋಸೆಫ್. ಅವನ ಕನ್ನಡದಲ್ಲಿ ಅದು ಗಾಡಿ ನಿಲ್ಲಿಸು ಎಂದರ್ಥ. ನಿಲ್ಲಿಸುವುದರೊಳಗೆ ಜಿಗಿದು ಮಂದಿಯೊಳಗೆ ಸೇರಿಬಿಟ್ಟ. ವರಾತ ಕಬ್ಬಿನ ನಡುವಿನ ಬಂಡಿದಾರಿಗೆ ಹೊರಳಿತು. ಸ್ವಲ್ಪ ಹೊತ್ತಿಗೆ ಬೆಳಕೂ ಇಲ್ಲ, ಬ್ಯಾಂಜೊ ಸದ್ದೂ ಇಲ್ಲ. ಸದ್ದು ದೂರವಾಗಿ ಕಡಿಮೆ ಆಗಲಿಲ್ಲ, ಒಮ್ಮೆಲೇ ನಿಂತಿತು.

ಬಹಳ ಹೊತ್ತು ಕಾದೆವು. ಹಿಂದೆ ಕೂತಿದ್ದ ಅಪ್ಪಾಸಾಬ ಎಂಬ ಹುಡುಗ ಆಕಳಿಸಿ, "ಕಾಕಾ, ನಡ್ರಿ ಹೋಗೂನು. ಅಂವ ಬೀಗರ ಮನ್ಯಾಗ ಉಂಡು ಮಕ್ಕೊಂಡು, ಮುಂಜಾನೆ ನಡಕೋತ ಬರ್ತಾನ" ಅಂದ.

ನಡಕೋತ ಬರ್ತಾನ. ಈ ಮಾತನ್ನು ಕೆಲ ವರ್ಷಗಳ ಹಿಂದೆ ಒಮ್ಮೆ ನಾನೇ ಆಡಿದ್ದೆ, ಅದೇ ದಾರಿಯಲ್ಲಿ. ಸತ್ತಿ ಎಂಬ ಊರಿನ ಪರಸಪ್ಪ ನನ್ನ ಗಾಡಿಗೆ ಕ್ಲೀನರ್ ಆಗಿ ಬಂದು ಜೀವದ ಗೆಳೆಯನಾದವನು. ಒಂದು ಸುಗ್ಗಿಯ ರಾತ್ರಿ ಅಲ್ಲಿ ಯಾರದೋ ವರಾತದಲ್ಲಿ ಕುಣಿಯಲು ಇಳಿದ. ಎಷ್ಟು ಕರೆದರೂ ಬರಲಿಲ್ಲ. ಸಿಟ್ಟಿಗೆದ್ದು ಬಿಟ್ಟು ಬಂದೆ. ಕತ್ತಲಲ್ಲಿ ಒಬ್ಬನೇ ನಡೆದು ಬರುವಾಗ ಕಬ್ಬಿನ ಟ್ರ್ಯಾಕ್ಟರ್ ಅವನ ಮೇಲೆ ಹಾಯಿತು. ಅವನ ಹೆಂಡತಿ ಶಾಂತವ್ವ ಕೇಳಿದಾಗ, ಆ ರಾತ್ರಿ ಅವನು ನನ್ನ ಜೊತೆ ಇರಲೇ ಇಲ್ಲ ಎಂದೆ. ಹೆಗಲು ಕೊಟ್ಟೆ, ಮಣ್ಣು ಹಾಕಿದೆ, ಸುಳ್ಳನ್ನು ಹಾಗೇ ಉಳಿಸಿಕೊಂಡೆ.

"ಹೋಗೂದಿದ್ರ ನೀ ಇಳದು ಹೋಗಲೇ. ಗಾಡಿ ಇಲ್ಲಿಂದ ಅಳ್ಳಾಡೂದಿಲ್ಲ" ಎಂದು ಅಪ್ಪಾಸಾಬನಿಗೆ ಗದರಿದೆ. ಅವನು ಗೊಣಗುತ್ತ ಗೆಳೆಯನ ಹೆಗಲಿಗೆ ಒರಗಿ ನಿದ್ದೆ ಹೋದ. ಕಬ್ಬಿನೊಳಗೆ ಹೋಗಿ ಹುಡುಕುವ ಧೈರ್ಯ ನನಗಾಗಲಿಲ್ಲ, ಇದನ್ನೂ ಒಪ್ಪಿಕೊಳ್ಳುತ್ತೇನೆ. ಆಮೇಲೆ ಬ್ಯಾಂಜೊ ಮತ್ತೆ ಕೇಳಿತು. ದೂರದಿಂದ ಅಲ್ಲ, ಗಾಡಿಯ ಬದಿಯಲ್ಲೇ. ಗಾಜಿನ ಮೇಲೆ ಬೆಳಕು ಹಾದದ್ದೇ ನಾನು ಸ್ಟೇರಿಂಗಿಗೆ ಹಣೆ ಹಚ್ಚಿ ಕಣ್ಣು ಮುಚ್ಚಿಕೊಂಡೆ. ಮಂದಿ ಗಾಡಿಯ ಎರಡೂ ಬದಿಗೆ ಕಾಲು ಎಳೆಯುತ್ತ ಕುಣಿಯುತ್ತ ಸಾಗಿದಂತೆ ಆಯಿತು, ಯಾರದೋ ಭುಜ ಬಾಗಿಲಿಗೆ ತಾಗಿತು. ಆದರೆ ಮಾತಿಲ್ಲ, ಸಿಳ್ಳೆ ಇಲ್ಲ, ಒಂದು ಮಗುವಿನ ದನಿಯೂ ಇಲ್ಲ. ನಾನು ಸ್ಟೇರಿಂಗಿಗೆ ಹಣೆ ಹಚ್ಚಿ ಕಣ್ಣು ಮುಚ್ಚಿಕೊಂಡೆ.

ಬಾಗಿಲು ತೆರೆಯಿತು. ಜೋಸೆಫ್ ಬಂದು ಕೂತ. ನಾನು ಕಣ್ಣು ತೆರೆದಾಗ ರಸ್ತೆಯ ಮೇಲೆ ಬೇರೆ ಯಾರೂ ಇರಲಿಲ್ಲ. ಅವನ ಹಣೆಯ ತುಂಬ ಗುಲಾಲು. ಅಂಗಿ ತೊಯ್ದಿತ್ತು, ಗುಲಾಲು ತೊಯ್ದಿರಲಿಲ್ಲ. ಮುಂದೆ ನೋಡುತ್ತಲೇ ಅವನು ಹೇಳಿದ: "ಈ ಸಲಾ ನಿಂತಿ ನೋಡು, ದೋಸ್ತ. ನಡಿ ಇನ್ನ, ಮನ್ಯಾಗ ದಾರಿ ನೋಡಾಕತ್ತಿರ್ತಾಳ."

ಧ್ವನಿ ಜೋಸೆಫನದೇ. ಮಾತು ಮಾತ್ರ ನಮ್ಮ ಕೃಷ್ಣಾ ದಂಡೆಯದು. ಹೇಳಿದವನೇ ಕುತ್ತಿಗೆ ವಾಲಿಸಿ ನಿದ್ದೆ ಹೋದ. ಅಥಣಿಯವರೆಗೆ ಹೇಗೆ ಗಾಡಿ ಓಡಿಸಿದೆನೋ ತಿಳಿಯದು.

ಮರುದಿನ ಅವನನ್ನು ಮಿರಜಕ್ಕೆ ಕರೆದೊಯ್ಯುವಾಗ ಆ ತಿರುವಿನ ಚಹಾದಂಗಡಿಯಲ್ಲಿ ವರಾತ ಯಾರದೆಂದು ಕೇಳಿದೆ. ಅಂಗಡಿಯವನು ನನ್ನನ್ನೇ ನೋಡಿದ. "ಆಷಾಢದಾಗ ವರಾತ? ನಮ್ಮ ಊರಾಗ ಅಷ್ಟು ಹುಚ್ಚ ಯಾರಿಗೂ ಹಿಡದಿಲ್ಲರಿ. ರಾತ್ರಿ ಸಾಂಗಲ್ಯಾಗ ಏನು ಕುಡದಿದ್ರಿ, ನಮಗೂ ಹೇಳ್ರಿ" ಅಂದ. ಆಷಾಢವೆಂಬುದು ರಾತ್ರಿ ನನ್ನ ತಲೆಗೇ ಬಂದಿರಲಿಲ್ಲ. ಯಾರೋ ಪುಢಾರಿಯ ಹುಟ್ಟುಹಬ್ಬದ ಮೆರವಣಿಗೆ ಇದ್ದೀತೆಂದು ಸಮಾಧಾನ ಮಾಡಿಕೊಳ್ಳಲು ನೋಡಿದೆ. ಅದನ್ನೂ ಅಲ್ಲಿ ಯಾರೂ ಕಂಡಿರಲಿಲ್ಲ.

ಸ್ಟೇಷನ್ನಿನಲ್ಲಿ, ಬೀಳ್ಕೊಡಲು ಬಂದಿದ್ದ ಅಪ್ಪಾಸಾಬನ ಬಾಯಿಂದ ಜೋಸೆಫನನ್ನು ಕೇಳಿಸಿದೆ. ತಾನು ಚೆನ್ನಾಗಿ ಕುಣಿದೆ, ದಾರಿ ತಪ್ಪಿದಾಗ ಒಬ್ಬ ಮನುಷ್ಯ ಕೈ ಹಿಡಿದು ಗಾಡಿಯತನಕ ತಂದುಬಿಟ್ಟ, ಕೂತ ತಕ್ಷಣ ನಿದ್ದೆ ಬಂತು, ಗಾಡಿಯಲ್ಲಿ ತಾನೇನೂ ಮಾತಾಡಿಲ್ಲ ಎಂದನಂತೆ. ಆ ಮನುಷ್ಯ ಹೇಗಿದ್ದನೆಂದು ಕೇಳುವುದರೊಳಗೆ ರೈಲು ಬಂತು. ಹುಡುಗ ನನ್ನ ಕಾಲು ಮುಟ್ಟಿ, "ಕಾಕಾ, ನಡಿ" ಎಂದು ನಗುತ್ತ ಹತ್ತಿಕೊಂಡ.

ನಾನು ಮನೆಗೆ ಹೋಗಲಿಲ್ಲ. ನೇರ ಸತ್ತಿಗೆ ಹೋದೆ. ಶಾಂತವ್ವ ಪಡಸಾಲೆಯ ದೀಪದಡಿ ಜೋಳ ಹಸನು ಮಾಡುತ್ತಿದ್ದಳು. ಎಲ್ಲ ಹೇಳಿದೆ. ಮೊದಲು ನನ್ನ ಸುಳ್ಳು, ಆಮೇಲೆ ಹಿಂದಿನ ರಾತ್ರಿಯದು. ಬೈಯುತ್ತಾಳೆ, ಅಳುತ್ತಾಳೆ ಎಂದುಕೊಂಡಿದ್ದೆ. ಆಕೆಯ ಕೈ ಮೊರದ ಮೇಲೆ ನಿಂತಿತು, ಅಷ್ಟೇ.

"ಗಾಡಿ ಬಾಜೂಕ ಹಾದು ಹೋದ್ರಲ್ಲರಿ ಅಣ್ಣಾರ, ಆ ಮಂದ್ಯಾಗ ನಮ್ಮನಿಯವರು ಇದ್ರೇನ್ರಿ?"

"ನಾ ತೆಲಿ ಎತ್ತಿ ನೋಡಲಿಲ್ಲವ್ವಾ."

"ನೋಡಬೇಕಿತ್ತರಿ" ಅಂದಳು. ಮತ್ತೆ ಜೋಳ ಕೇರತೊಡಗಿದಳು.

ಆ ರಾತ್ರಿ ಮಾತಾಡಿದವರು ಯಾರೆಂದು ನನಗೆ ಇಂದಿಗೂ ತಿಳಿದಿಲ್ಲ. ಆಕೆ ಕೇಳಿದ್ದಕ್ಕೆ ಉತ್ತರ ಹೇಳಬಹುದಾಗಿದ್ದವನು ನಾನೊಬ್ಬನೇ, ಮತ್ತು ನಾನು ಕಣ್ಣು ಮುಚ್ಚಿಕೊಂಡಿದ್ದೆ.