ನಾನು ಕಿತ್ತು ಹಾಕಿದ ಲಕ್ಕಿಕಡ್ಡಿಗಳು

1944ನೇ ಇಸವಿ. ಯುದ್ಧ ಇನ್ನೂ ಮುಗಿದಿರಲಿಲ್ಲ. ಅಕ್ಕಿ, ಸೀಮೆಎಣ್ಣೆ ಎಲ್ಲವೂ ರೇಷನ್ನಿನಲ್ಲಿ. ಸರ್ಕಾರದ ಮೀನುಗಾರಿಕೆ ಶಾಖೆಯ ಸಬ್ ಇನ್‌ಸ್ಪೆಕ್ಟರ್ ಆಗಿ ನಾನು ಹೊಸಕೋಟೆ ತಾಲ್ಲೂಕಿಗೆ ಬಂದು ಆರು ತಿಂಗಳಾಗಿತ್ತು. ಒಂದು ಸೈಕಲ್ಲು, ಒಂದು ನೋಟ್‌ಬುಕ್ಕು, ತಲೆ ತುಂಬ ಅಹಂಕಾರ. ಇಷ್ಟೇ ನನ್ನ ಸರಂಜಾಮು.

ನಂದಗುಡಿ ಹೋಬಳಿಯ ಒಂದು ಕೆರೆಯ ದಡದಲ್ಲಿ ಹದಿನೆಂಟು ಬೆಸ್ತರ ಮನೆಯವರು ಸೇರಿ ಸಹಕಾರ ಸಂಘ ಕಟ್ಟಿಕೊಂಡಿದ್ದರು. ಆ ಕೆರೆಯ ಕೊರಮೀನಿಗೆ ಸುತ್ತಮುತ್ತಲಿನ ಸಂತೆಗಳಲ್ಲಿ ಒಳ್ಳೆಯ ಹೆಸರಿತ್ತು. ಆದರೆ ವರ್ಷದಿಂದ ವರ್ಷಕ್ಕೆ ಮೀನು ಕಡಿಮೆಯಾಗುತ್ತಿತ್ತು. ಅದನ್ನು ಉಳಿಸಲು ಸರ್ಕಾರ ಸಂಘಕ್ಕೆ ಗ್ರಾಂಟ್ ಕೊಡಲು ಒಪ್ಪಿತು. ಮರಿ ಮಾಡುವ ಎರಡು ತಿಂಗಳು ಯಾರೂ ಕೊರಮೀನು ಹಿಡಿಯಬಾರದೆಂಬುದು ಷರತ್ತು. ಅದರಂತೆ ನಡೆದುಕೊಂಡರೆ ದೊಡ್ಡ ಕಣ್ಣಿನ ಬಲೆಗಳಿಗೂ ಒಬ್ಬ ಕಾವಲುಗಾರನ ಸಂಬಳಕ್ಕೂ ಹಣ ಬರುತ್ತದೆ. ತಪ್ಪಿದರೆ ಗ್ರಾಂಟೂ ಇಲ್ಲ, ಕೆರೆಯೂ ಹರಾಜಿಗೆ ಹೋಗುತ್ತದೆ. ಹರಾಜಾದರೆ ಪೇಟೆಯ ಕಂಟ್ರಾಕ್ಟರು ಬಂದು ಸಣ್ಣ ಕಣ್ಣಿನ ಬಲೆಯಲ್ಲಿ ಕೆರೆಯನ್ನು ಗುಡಿಸಿ ಹಾಕುತ್ತಾನೆ, ಹದಿನೆಂಟು ಮನೆಯವರು ಕೂಲಿಗೆ ಹೋಗಬೇಕಾಗುತ್ತದೆ. ಷರತ್ತು ಪಾಲಿಸಿದ್ದಾರೆಂದು ಸರ್ಟಿಫಿಕೇಟ್ ಬರೆಯಬೇಕಾದವನು ನಾನು.

ಕೊರಮೀನಿನ ಸ್ವಭಾವವನ್ನು ಇಲ್ಲಿ ಹೇಳಬೇಕು. ಮೊಟ್ಟೆಯೊಡೆದ ಮರಿಗಳು ಗುಂಪಾಗಿ ದಡದ ಜೊಂಡಿನ ಬಳಿ ಮೇಲೆ ಬಂದು ಉಸಿರಾಡುತ್ತವೆ. ಅಷ್ಟು ಜಾಗದಲ್ಲಿ ನೀರು ಕೆಂಪಗೆ ಕುದಿಯುತ್ತಿರುವ ಹಾಗೆ ಕಾಣುತ್ತದೆ. ದೊಡ್ಡ ಮೀನು ಕೆಳಗೇ ಇದ್ದು ಅವನ್ನು ಕಾಯುತ್ತದೆ. ಮರಿ ಬಿಟ್ಟು ಓಡುವುದಿಲ್ಲವಾದ್ದರಿಂದ ಅದನ್ನು ಹಿಡಿಯುವುದು ಬಹಳ ಸುಲಭ. ಹಿಡಿದರೆ ಮಿಕ್ಕ ಮೀನುಗಳು ಸ್ವಲ್ಪ ಹೊತ್ತಿನಲ್ಲೇ ಮರಿಗಳನ್ನೆಲ್ಲ ನುಂಗಿ ಹಾಕುತ್ತವೆ.

ಮೀನು ಹಿಡಿಯಬಾರದ ಆ ಎರಡು ತಿಂಗಳ ನಡುವೆ, ಆಗಸ್ಟಿನ ಒಂದು ಬೆಳಿಗ್ಗೆ, ಯಾರಿಗೂ ಹೇಳದೆ ತನಿಖೆಗೆ ಹೋದೆ. ಜೊಂಡಿನುದ್ದಕ್ಕೂ ಅಲ್ಲಲ್ಲಿ ಲಕ್ಕಿ ಗಿಡದ ಕಡ್ಡಿ ನೆಟ್ಟಿದ್ದರು. ಒಂದೊಂದಕ್ಕೂ ಒಂದೊಂದು ಬಣ್ಣದ ಬಟ್ಟೆಚೂರು. ಗಾಳ ಕಟ್ಟುವ ಗೂಟಗಳೆಂದು ತೀರ್ಮಾನಿಸಿಬಿಟ್ಟೆ. ಪ್ಯಾಂಟು ಮಡಚಿ ನೀರಿಗಿಳಿದು ಒಂದೊಂದನ್ನೇ ಕೀಳತೊಡಗಿದೆ. ಒಂದರಲ್ಲೂ ಗಾಳ ಸಿಗಲಿಲ್ಲ. ಕಳ್ಳರು ಬಿಚ್ಚಿಟ್ಟಿದ್ದಾರೆ ಎಂದುಕೊಂಡೆನೇ ಹೊರತು ನನ್ನ ಮೇಲೆ ನನಗೆ ಅನುಮಾನ ಬರಲಿಲ್ಲ.

ಸಂಘದ ಅಧ್ಯಕ್ಷ ಮುನಿಯಪ್ಪ ಏರಿಯ ಮೇಲಿಂದ ಓಡಿ ಬಂದರು.

“ಸ್ವಾಮಿ, ಕೀಳ್ಬೇಡಿ! ಒಂದ್ ಮಾತು ಕೇಳಿ.”

“ಕೇಳೋದೇನ್ರೀ? ಕಣ್ಣಿಗೇ ಕಾಣ್ತಿದೆಯಲ್ಲ,” ಎಂದು ಬಾಯಿ ಮುಚ್ಚಿಸಿದೆ. ಕಡ್ಡಿಗಳನ್ನೆಲ್ಲ ಕಂತೆ ಕಟ್ಟಿ ಏರಿಯ ಮೇಲಿಟ್ಟು, ಹೊಂಗೆ ಮರದ ನೆರಳಲ್ಲಿ ಕುಳಿತು, ಗ್ರಾಂಟ್ ಕೊಡಬಾರದೆಂದು ವರದಿ ಬರೆಯಲು ಶುರುಮಾಡಿದೆ.

ಅರ್ಧ ಪುಟ ಬರೆದು ತಲೆ ಎತ್ತಿದರೆ, ಕೆರೆಯಲ್ಲಿ ಜನ! ಕೇರಿಯ ಗಂಡಸರು ಹೆಂಗಸರು ಜೊಂಡಿನ ಬಳಿ ದೂರದೂರಕ್ಕೆ ಒಬ್ಬೊಬ್ಬರಾಗಿ ಮೊಣಕಾಲುದ್ದ ನೀರಿನಲ್ಲಿ ನಿಂತಿದ್ದರು. ನನಗೆ ಹತ್ತಿರವಿದ್ದವರು ಗಂಗಮ್ಮ, ತಲೆಯ ಮೇಲೆ ಬುಟ್ಟಿ ಹೊತ್ತು ಮೀನು ಮಾರುತ್ತಿದ್ದ ಮುದುಕಿ.

“ಏನಜ್ಜಿ ಇದು, ಮುಷ್ಕರವೇ?” ಎಂದೆ.

“ಅದೆಲ್ಲ ನಂಗೇನ್ ಗೊತ್ತಪ್ಪಾ. ಎಮ್ಮೆ ನೀರಿಗ್ ಬರೋ ಹೊತ್ತು. ಕಡ್ಡಿ ಕಿತ್ತಾಕ್ಬಿಟ್ರಿ, ಮರಿ ಎಲ್ಲೈತೆ ಅಂತ ದನ ಕಾಯೋರ್ಗೆ ಹೆಂಗ್ ಗೊತ್ತಾಗ್ಬೇಕು? ಅದ್ಕೇ ಈಗ ನಾನೇ ಕಡ್ಡಿ ಕಣಪ್ಪಾ.”

ಆಕೆ ಬೆರಳು ತೋರಿಸಿದ ಕಡೆ ನೋಡಿದೆ. ಒಂದು ಮಾರು ದೂರದಲ್ಲಿ ನೀರು ಕೆಂಪಗೆ ಕುದಿಯುತ್ತಿತ್ತು.

ಆಗ ಮುನಿಯಪ್ಪ ಬಿಡಿಸಿ ಹೇಳಿದರು. ಮರಿಯ ಗುಂಪನ್ನು ಮೊದಲು ಕಂಡವನು ತನ್ನ ಮನೆಯ ಗುರುತಿನ ಬಟ್ಟೆ ಕಟ್ಟಿ ಕಡ್ಡಿ ನೆಡುವುದು ಅವರ ಅಪ್ಪ ತಾತಂದಿರ ಕಾಲದ ಪದ್ಧತಿ. ಕಡ್ಡಿಯ ಹತ್ತಿರದ ಮೀನಿಗೆ ಬೇರೆಯವರು ಕೈ ಹಾಕುವಂತಿಲ್ಲ. “ಮೊದ್ಲು ಹಿಡಿಯಕ್ಕೆ ನೆಡ್ತಿದ್ವಿ ಸ್ವಾಮಿ. ಈ ಸಲ ಕೂತು ಮಾತಾಡ್ಕೊಂಡು, ಕಾಯಕ್ಕೆ ನೆಟ್ವಿ. ಯಾರ್ ಕಡ್ಡಿನೋ ಆ ಮನೆಯೋರೇ ಆ ಮರೀಗೆ ಜವಾಬ್ದಾರಿ.”

ನಾಚಿಕೆಯಿಂದ ನನ್ನ ಮುಖ ಬೆಂದುಹೋಯಿತು. ಕಾಯ್ದೆಯಲ್ಲಿ ಎಲ್ಲೂ ಇಲ್ಲದ ಇಂಥದೊಂದು ಅಚ್ಚುಕಟ್ಟಾದ ಏರ್ಪಾಡನ್ನು, ಹೊಟ್ಟೆಗೆ ಸಾಲದ ಕಾಲದಲ್ಲಿ, ಕೈಗೆಟುಕುವ ಮೀನನ್ನು ಮುಟ್ಟದೆ ಈ ಜನ ನಡೆಸುತ್ತಿದ್ದರು. ನಾನೋ ಅದನ್ನು ಕಂತೆ ಕಟ್ಟಿ ಇಟ್ಟಿದ್ದೆ. ಬರೆದ ಹಾಳೆಯನ್ನು ಹರಿದು, ಕಂತೆ ಹೊತ್ತು ಮತ್ತೆ ನೀರಿಗಿಳಿದೆ. ನಿಂತವರೆಲ್ಲ ತಮ್ಮ ತಮ್ಮ ಬಟ್ಟೆಯ ಗುರುತು ನೋಡಿ ಕಡ್ಡಿ ತೆಗೆದುಕೊಂಡು ನೆಟ್ಟರು. ಯಾರೂ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಸುಲಭವಾಗುತ್ತಿತ್ತು.

ಮುಂದಿನ ವಾರ ಬೆಂಗಳೂರಿನಿಂದ ನಮ್ಮ ಮೇಲಧಿಕಾರಿ ಬಂದರು. ನನ್ನ ತಪ್ಪನ್ನು ಮುಚ್ಚಿಡದೆ ಹೇಳಿದೆ. ಅವರು ಗಂಭೀರವಾಗಿ ಕೆರೆಯನ್ನು ಒಂದು ಸುತ್ತು ಹಾಕಿ ಬಂದು, ಗ್ರಾಂಟ್ ಕೊಡುವುದಾಗಿ ಹೇಳಿ, ಕಾವಲುಗಾರನ ಕೆಲಸಕ್ಕೆ ಯಾರನ್ನು ಹಾಕಬೇಕೆಂದು ಕೇಳಿದರು.

ಮುನಿಯಪ್ಪ ಕೈಮುಗಿದು ಹೇಳಿದರು: “ಕಾವಲುಗಾರ ಬ್ಯಾಡ ಬುದ್ದಿ. ಸಂಬಳಕ್ಕೆ ಒಬ್ಬ ಬಂದ್ರೆ, ಕಾಯೋದು ಅವನ ಕೆಲಸ ಅಂತ ನಾವೆಲ್ಲ ಮನೇಲಿ ಮಲಗ್ತೀವಿ. ಆ ದುಡ್ಡಿಗೂ ಬಲೆನೇ ಕೊಡ್ಸಿ.”

ಸಾಹೇಬರು ತಾವೇ ಪೆನ್ನು ತೆಗೆದು ಗ್ರಾಂಟಿನ ಕಾಗದದಲ್ಲಿದ್ದ ಕಾವಲುಗಾರನ ಸಂಬಳದ ಸಾಲನ್ನು ಹೊಡೆದು ಹಾಕಿದರು.

ಆಮೇಲೆ ಎಷ್ಟೋ ಊರುಗಳಿಗೆ ಎಷ್ಟೋ ಗ್ರಾಂಟುಗಳನ್ನು ಹಂಚಿದೆ. ಎಲ್ಲಿಗೆ ಹೋದರೂ, ಇಲ್ಲಿನ ಜನ ಯಾರ ಹಣವನ್ನೂ ಕಾಯದೆ ಆಗಲೇ ಏನನ್ನು ಉಳಿಸಿಕೊಂಡು ಬಂದಿದ್ದಾರೆಂದು ಮೊದಲು ವಿಚಾರಿಸುತ್ತಿದ್ದೆ. ಆ ಪ್ರಶ್ನೆ ಯಾವ ಫಾರಮ್ಮಿನಲ್ಲೂ ಇರಲಿಲ್ಲ. ಅದನ್ನು ನನಗೆ ಕಲಿಸಿದವರು ಕೆಸರಿನಲ್ಲಿ ಕಾಲು ಹೂತು, ಎಮ್ಮೆಗಳಿಗೆ ಅಡ್ಡ ನಿಂತಿದ್ದರು.