ಆ ಕೋಟೆ ಅವರ ಊರಿನದಾಗಿರಲಿಲ್ಲ

ನಾನು ಸಚಿಕೊ ಆಂಟಿಗೆ ಸುಳ್ಳು ಹೇಳಿದೆ. ಅವರ ಫೋಟೊ ಕೋಟೆಯ ದುರಸ್ತಿಗೆ ಉಪಯೋಗಕ್ಕೆ ಬಂತು ಎಂದೆ. ಬಂದಿರಲಿಲ್ಲ. ಅಷ್ಟೇ ಅಲ್ಲ — ಕೋಟೆಯ ಕಚೇರಿಯವರು ಬರೆದದ್ದನ್ನು ಓದಿಯೂ, ಅರ್ಥ ಮಾಡಿಕೊಂಡೂ, ಎರಡು ವರ್ಷ ಮುಚ್ಚಿಟ್ಟೆ.

ಜರ್ಮನ್‌ಟೌನ್‌ನ ಅಪಾರ್ಟ್‌ಮೆಂಟಿನಲ್ಲಿ ನಮ್ಮ ಎದುರು ಬಾಗಿಲು ಅವರದು. ಎಂಬತ್ತರ ಹತ್ತಿರದ ಜಪಾನಿ ಹೆಂಗಸು. ಅಮೆರಿಕದವರನ್ನು ಮದುವೆಯಾಗಿ ಇಲ್ಲಿಗೆ ಬಂದವರು, ಗಂಡ ತೀರಿಕೊಂಡ ಮೇಲೆ ಒಬ್ಬರೇ ಇದ್ದರು. ಮಗಳು ಎಮಿ ಅಟ್ಲಾಂಟಾದಲ್ಲಿ. ಕೋವಿಡ್ಡಿನಲ್ಲಿ ಶಾಲೆ ಮುಚ್ಚಿ, ನಾನೂ ನನ್ನ ಗಂಡ ಶ್ರೀಧರನೂ ದಿನವಿಡೀ ಮೀಟಿಂಗುಗಳಲ್ಲಿ ಮುಳುಗಿದ್ದಾಗ ನಮ್ಮ ಮಗಳನ್ನು ಕೂರಿಸಿಕೊಂಡು ಗಣಿತ ಹೇಳಿಕೊಟ್ಟವರು ಅವರೇ.

ಅವರ ಹುಟ್ಟೂರಿನ ಕೋಟೆ ಕೆಲವು ವರ್ಷಗಳ ಹಿಂದೆ ಭೂಕಂಪದಲ್ಲಿ ಕುಸಿದಿತ್ತು. ಉರುಳಿದ ಒಂದೊಂದು ಕಲ್ಲನ್ನೂ ಅದು ಮೊದಲಿದ್ದ ಜಾಗದಲ್ಲೇ ಕೂರಿಸಬೇಕೆಂಬುದು ಅಲ್ಲಿನವರ ಹಟ. ಯಾವ ಕಲ್ಲು ಎಲ್ಲಿತ್ತೆಂದು ತಿಳಿಯಲು ಜನರಿಂದ ಹಳೆಯ ಫೋಟೊಗಳನ್ನು ಕೇಳುತ್ತಿದ್ದರು. ಅದನ್ನು ಟೀವಿಯಲ್ಲಿ ನೋಡಿ ಆಂಟಿ ಒಂದು ಫೋಟೊ ತಂದರು. ಎತ್ತರದ ಕಲ್ಲುಗೋಡೆಯ ಮೂಲೆ. ಅದರ ಮುಂದೆ ಎರಡು ಜಡೆಯ ಹುಡುಗಿ, ಬಿಸಿಲಿಗೆ ಕಣ್ಣು ಕಿರಿದು ಮಾಡಿ ನಿಂತಿದ್ದಾಳೆ.

"ನನ್ನ ಅಕ್ಕ," ಎಂದರು. "ಅಕ್ಕನನ್ನು ಬಿಡು. ಹಿಂದಿನ ಕಲ್ಲು ನೋಡು. ಅವರಿಗೆ ಕಳಿಸ್ತೀಯಾ?"

ಅವರ ಇಂಗ್ಲಿಷ್ ಹೀಗೇ, ತುಂಡು ತುಂಡು. ನನ್ನ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಸ್ಕ್ಯಾನ್ ಮಾಡಿ ನನ್ನ ಈಮೇಲಿನಿಂದಲೇ ಕಳಿಸಿದೆ. ಕಳಿಸಿದ ಮೇಲೆ — ಇದನ್ನೂ ಒಪ್ಪಿಕೊಳ್ಳಬೇಕು — ಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದೆ. ಲ್ಯಾನ್‌ಹ್ಯಾಮ್ ದೇವಸ್ಥಾನದ ಪಾರ್ಕಿಂಗ್ ಲಾಟಿನಲ್ಲಿ ನಿಂತು ಪುಳಿಯೋಗರೆ ತಿನ್ನುತ್ತಾ, ಆ ಕೋಟೆಯನ್ನು ನಾನೇ ಎತ್ತಿ ನಿಲ್ಲಿಸುತ್ತಿದ್ದೇನೆ ಎಂಬಂತೆ.

ಉತ್ತರ ಬಂತು. ಜಪಾನಿಯಲ್ಲಿದ್ದುದನ್ನು ಕಂಪ್ಯೂಟರಿನಲ್ಲಿ ಅನುವಾದಿಸಿ ಓದಿದೆ. ಬಹಳ ವಿನಯದಿಂದ ಬರೆದಿದ್ದರು. ಇದು ನಮ್ಮ ಕೋಟೆಯಲ್ಲ, ಕಲ್ಲು ಜೋಡಿಸಿರುವ ಬಗೆಯೇ ಬೇರೆ, ಉತ್ತರದ ಇನ್ನೊಂದು ಊರಿನದು — ಆ ಊರಿನ ಹೆಸರನ್ನೂ ಕೊಟ್ಟಿದ್ದರು.

ಮಧ್ಯಾಹ್ನ ಆಂಟಿ ಬಾಗಿಲಲ್ಲಿ ನಿಂತಿದ್ದರು. ಮಾಸ್ಕಿನ ಮೇಲೆ ಕಣ್ಣಷ್ಟೇ ಕಾಣುತ್ತಿತ್ತು.

"ಏನಂದರು?"

"ಉಪಯೋಗಕ್ಕೆ ಬಂತಂತೆ ಆಂಟಿ. ಆ ಮೂಲೆಯ ಕಲ್ಲುಗಳು ಗೊತ್ತಾದವಂತೆ."

ಕನಿಕರವೇ? ಊರೆಲ್ಲ ಹೇಳಿಕೊಂಡಿದ್ದರ ನಾಚಿಕೆಯೇ? ಅಥವಾ ಮುಂದಿನ ಮೀಟಿಂಗ್ ಶುರುವಾಗುತ್ತಿತ್ತು, ವಿವರಿಸುವ ತಾಳ್ಮೆ ಇರಲಿಲ್ಲ — ಅಷ್ಟೇ ಇರಬಹುದೇ? ಒಂದನ್ನು ಹಿಡಿದರೆ ಇನ್ನೊಂದು ಇಣುಕುತ್ತದೆ. ಸಂಜೆ ಶ್ರೀಧರನಿಗೆ ಹೇಳಿದೆ.

"ಇರ್ಲಿ ಬಿಡೆ, ಅವ್ರು ಹ್ಯಾಪಿಯಾಗಿದಾರಲ್ಲ. ಈಗ ಹೋಗಿ ಯಾಕೆ ಅಪ್‌ಸೆಟ್ ಮಾಡ್ತೀಯ?"

ಅವನ ಮಾತು ನನಗೆ ಅನುಕೂಲವಾಗಿತ್ತು. ಹಿಡಿದುಕೊಂಡೆ.

ಜಪಾನ್ ಮತ್ತೆ ಪ್ರವಾಸಿಗರನ್ನು ಬಿಟ್ಟುಕೊಂಡ ಕೂಡಲೇ ಆಂಟಿ ಮಗಳ ಜೊತೆ ಹೊರಟರು. ಆ ಮೂಲೆಯನ್ನು ನೋಡಬೇಕಿತ್ತು ಅವರಿಗೆ. ಹಿಂದಿರುಗಿದ ಮೇಲೆ ನಮ್ಮ ಸೋಫಾದಲ್ಲಿ ಕೂತು ಹೇಳಿದರು — ಗೋಡೆ ಇನ್ನೂ ಅರ್ಧ, ಬಯಲಲ್ಲಿ ಕಲ್ಲುಗಳು ಸಾಲಾಗಿ ಮಲಗಿವೆ, ಪ್ರತಿಯೊಂದಕ್ಕೂ ನಂಬರು. ಮೂಲೆ ಯಾವುದೆಂದು ಗೊತ್ತಾಗಲಿಲ್ಲ. ಆದರೂ ಒಂದು ಕಡೆ ಹೂವಿಟ್ಟು ಬಂದರಂತೆ. ಆಮೇಲೆ, ನಾನು ಕೇಳದೆಯೇ, ಅಕ್ಕನ ಮಾತು ತೆಗೆದರು.

"ಅಮ್ಮ ಸತ್ತ ಮೇಲೆ ಅಕ್ಕನನ್ನು ಯಾರಿಗೋ ದತ್ತು ಕೊಟ್ಟರು. ದೂರದ ನೆಂಟರು. ಯಾವ ಊರು ಅಂತ ಅಪ್ಪ ಹೇಳಲೇ ಇಲ್ಲ. ಅಪ್ಪ ಹೋದ ಮೇಲೆ ಪೆಟ್ಟಿಗೆಯಲ್ಲಿ ಈ ಫೋಟೊ. ನಮ್ಮ ಕೋಟೆ. ಹಾಗಾದರೆ ಅಕ್ಕ ಒಂದು ಸಲ ಬಂದಿದ್ದಳು. ನನ್ನನ್ನು ನೋಡೋಕೆ ಬಂದಿದ್ದಳು. ಅಪ್ಪ ಬಿಡಲಿಲ್ಲ."

ಅಕ್ಕ ಬಂದಿರಲಿಲ್ಲ. ಆ ಫೋಟೊ ಅವಳನ್ನು ಕೊಟ್ಟ ಊರಿನದು. ಆ ಊರಿನ ಹೆಸರು ನನ್ನ ಈಮೇಲಿನಲ್ಲಿತ್ತು. ಹೇಳಿದರೆ ತಂಗಿಯನ್ನು ನೋಡಲು ಬಂದ ಅಕ್ಕ ಇಲ್ಲವಾಗುತ್ತಾಳೆ. ಹೇಳದಿದ್ದರೆ ಆ ಊರಿನಲ್ಲಿರುವ ಅಕ್ಕ ಸಿಗುವುದೇ ಇಲ್ಲ. ಅಲ್ಲೇ, ಆ ಕ್ಷಣವೇ ಹೇಳಬಹುದಿತ್ತು. ಟೀ ಮಾಡುತ್ತೇನೆಂದು ಎದ್ದು ಹೋದೆ.

ಹೊಸ ವರ್ಷ ಕಳೆದ ಮೇಲೆ ಆಂಟಿ ಮಗಳ ಮನೆಗೇ ಹೋಗಿಬಿಟ್ಟರು. ಎದುರು ಬಾಗಿಲಿಗೆ ಬೇರೆಯವರು ಬಂದರು. ಹೇಳಬೇಕು, ಫೋನಿನಲ್ಲಿ ಬೇಡ, ಎದುರಿಗೇ ಹೇಳಬೇಕು — ಅಂದುಕೊಳ್ಳುತ್ತಲೇ ಬೇಸಿಗೆಯೂ ಮುಗಿಯಿತು. ಕೊನೆಗೊಂದು ದಿನ ಕಾರು ಹತ್ತಿ ಅಟ್ಲಾಂಟಾಕ್ಕೆ ಹೋದೆ. ಎಮಿಯ ಅಡುಗೆಮನೆಯಲ್ಲಿ ಹೇಳಿದೆ, ಈಮೇಲನ್ನೂ ತೋರಿಸಿದೆ. ಆಂಟಿ ಕನ್ನಡಕ ಹಾಕಿಕೊಂಡು ಓದಿದರು, ಮತ್ತೆ ಮೊದಲಿನಿಂದ ಓದಿದರು.

"ಹಾಗಾದರೆ ಬಂದಿರಲಿಲ್ಲ," ಎಂದರು.

ಆಮೇಲೆ ಮಗಳನ್ನು ಕರೆದು ಊರಿನ ಹೆಸರಿನ ಮೇಲೆ ಬೆರಳಿಟ್ಟರು. ನನ್ನನ್ನು ಬೈಯಲಿಲ್ಲ. ಬೈದಿದ್ದರೆ ನನಗೇನಾದರೂ ತಿಳಿಯುತ್ತಿತ್ತೋ ಏನೋ.

ಎಮಿ ಹುಡುಕಿದಳು. ಅವರಿವರಿಗೆ ಬರೆದು, ಕೆಲವು ವಾರಗಳಲ್ಲಿ ಅಕ್ಕನನ್ನು ದತ್ತು ಪಡೆದ ಮನೆಯನ್ನು ಪತ್ತೆ ಮಾಡಿದಳು. ನನಗೆ ಫೋನ್ ಮಾಡಿದಳು. ಅಕ್ಕ ಬದುಕೆಲ್ಲ ಆ ಊರಿನಲ್ಲೇ ಇದ್ದರಂತೆ. ಹಿಂದಿನ ಚಳಿಗಾಲದ ಕೊನೆಯಲ್ಲಿ ತೀರಿಕೊಂಡರಂತೆ.

ಅಂದರೆ ನಾನು ಸುಳ್ಳು ಹೇಳಿದ ದಿನ ಅವರಿದ್ದರು. ಆಂಟಿ ಬೇರೆ ಊರಿನ ಗೋಡೆಗೆ ಹೂವಿಟ್ಟ ದಿನವೂ ಇದ್ದರು. ನಾನು ಟೀ ಮಾಡಲು ಎದ್ದು ಹೋದೆನಲ್ಲ — ಆಗಲೂ.

"ನಿನಗೆ ಹೇಳು ಅಂದದ್ದು ಅಮ್ಮನೇ," ಎಂದಳು ಎಮಿ. ಅವರೊಡನೆ ಮಾತಾಡಬಹುದೇ ಎಂದೆ. ಫೋನು ಕೈ ಬದಲಾಯಿಸಿದ ಸದ್ದಾಯಿತು. ಕ್ಷಮಿಸಿ ಎನ್ನಬೇಕೆಂದಿದ್ದೆ, ಅದು ತೀರ ಸಣ್ಣದಾಗಿ ಕಂಡಿತು. ಆ ಕಡೆಯಿಂದ ಉಸಿರಾಟವಷ್ಟೇ ಕೇಳುತ್ತಿತ್ತು. ನನ್ನ ದನಿಯೇ ಅವರಿಗೆ ಬೇಡವೇನೋ ಎನಿಸಿ, "ಇಡಲಾ ಆಂಟಿ?" ಎಂದೆ.

"ಇಡಬೇಡ," ಎಂದರು.

ಇಡಲಿಲ್ಲ.